ಕಲ್ಲಿನ ಆ ಕಡೆ ಕೂತವಳು

ಸೊಸೆಗೆ ಕೆಲಸ ಸಿಕ್ಕಿದ ಸುದ್ದಿ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು.

"ಏನು ಕೆಲಸ?" ಎಂದಳು ತಲೆ ಎತ್ತದೆ.

"ಮ್ಯೂಸಿಯಂನಲ್ಲಿ, ಅತ್ತೆ. ಊರಾಚೆ ಹೊಸದಾಗಿ ಹಳೇ ಕಾಲದ ಬೀದಿ ಅಂತ ಕಟ್ಟಿದಾರಲ್ಲ, ಅಲ್ಲಿ. ನಾಲ್ಕನೇ ನಂಬರ್ ಮನೆ ನಂದು."

"ಮನೆ ನಿಂದು ಅಂದ್ರೆ? ಕಸ ಗುಡಿಸೋ ಕೆಲಸಾನಾ?"

"ಗುಡಿಸೋದೂ ಇದೆ. ಆದ್ರೆ ಜನ ನೋಡ್ತಾ ನಿಂತಿರ್ತಾರೆ. ಐವತ್ತು ವರ್ಷದ ಹಿಂದೆ ಮನೆ ಹೆಂಗಸರು ಏನೇನು ಮಾಡ್ತಿದ್ರೋ ಅದನ್ನ ಮಾಡಿ ತೋರಿಸ್ಬೇಕು. ಸೌದೆ ಒಲೆ ಹಚ್ಚೋದು, ಬಾವಿ ನೀರು ಸೇದೋದು, ಬೀಸೋ ಕಲ್ಲಲ್ಲಿ ಹಿಟ್ಟು ಬೀಸೋದು."

ಅತ್ತೆಯ ಬೆರಳುಗಳು ನಿಂತವು. "ಅದನ್ನ ನೋಡೋಕೆ ಜನ ಬರ್ತಾರಾ?"

"ಟಿಕೆಟ್ ತಗೊಂಡು ಬರ್ತಾರೆ, ಅಜ್ಜಿ!" ಎಂದು ಮೊಮ್ಮಗಳು ಬಾಗಿಲಿಂದಲೇ ಕೂಗಿದಳು. ಹನ್ನೊಂದು ವರ್ಷದ ಈ ಹುಡುಗಿ ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುಮಾಡಿದ ಮಾತನ್ನು ಮಲಗುವಾಗಲೇ ನಿಲ್ಲಿಸುತ್ತಿದ್ದಳು. ಅದಕ್ಕೇ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ರೇಡಿಯೋ ಎಂದೇ ಹೆಸರು.

"ಮಿಕ್ಸಿ ಕೆಟ್ರೆ ಎರಡು ದಿನ ಹೋಟೆಲಿಂದ ಊಟ ತರಿಸೋಳು ನೀನು," ಎಂದಳು ಅತ್ತೆ ಸೊಸೆಗೆ. "ಅಲ್ಲಿ ಹೋಗಿ ಕಲ್ಲು ತಿರುಗಿಸ್ತೀಯಾ? ಸರಿ, ತಿರುಗಿಸು. ನಾನ್ಯಾಕೆ ಬೇಡ ಅನ್ನಲಿ?"

ಬೇಡ ಎಂದಷ್ಟೇ ಸ್ಪಷ್ಟವಾಗಿತ್ತು ಅದು. ಸೊಸೆ ಹನ್ನೆರಡು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಚೆಕಿಂಗ್ ಮೇಜಿನ ಮುಂದೆ ನಿಂತು ಕಾಲರಿನ ಅಂಚಿನಲ್ಲಿ ಉಳಿದ ದಾರ ಕತ್ತರಿಸಿದವಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿದ್ದಳು. ಆ ನಾಲ್ಕು ತಿಂಗಳಲ್ಲಿ ಒಂದೇ ಅಡುಗೆಮನೆಯಲ್ಲಿ ಇಬ್ಬರಿಗೂ ಒಬ್ಬರ ಮೊಣಕೈ ಒಬ್ಬರಿಗೆ ತಾಗಿ ತಾಗಿ ಸಾಕಾಗಿತ್ತು. ಉಪ್ಪಿನ ಡಬ್ಬಿ ಎಲ್ಲಿರಬೇಕು ಎಂಬುದಕ್ಕೂ ಜಗಳವಾಗಿತ್ತು.

ಸೊಸೆ ಕೆಲಸಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಏಳೂವರೆಗೆ ಹೊರಟರೆ ಸಂಜೆ ಆರೂವರೆಗೆ ಬರುತ್ತಿದ್ದಳು. ಮಗ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಮನೆಗೆ ಬರುವ ಅವನ ಪಾಲಿಗೆ ಈಗ ಸಂಜೆಯ ಅಡುಗೆ ಬಿತ್ತು. ಸ್ಟೀರಿಂಗ್ ಹಿಡಿದಷ್ಟು ಸಲೀಸಾಗಿ ಅವನಿಗೆ ಸೌಟು ಹಿಡಿಯಲು ಬರುತ್ತಿರಲಿಲ್ಲ. ಒಂದು ದಿನ ಅನ್ನ ಮುದ್ದೆಯಾಗುತ್ತಿತ್ತು, ಇನ್ನೊಂದು ದಿನ ಮೊಟ್ಟೆ ಕರಕಲಾಗುತ್ತಿತ್ತು.

"ಇದೇನೋ ಇದು, ಟೈರು ಸುಟ್ಟ ಹಾಗಿದೆ," ಎಂದು ಅತ್ತೆ ತಟ್ಟೆಯ ಅಂಚಿಗೆ ತಳ್ಳಿದಳು.

"ತಿನ್ನಮ್ಮ. ಬಿಸಿಯಾಗಿದೆಯಲ್ಲ."

"ಮನೆ ಹೆಂಗಸು ಯಾರದೋ ಮನೇಲಿ ಒಲೆ ಹಚ್ತಾಳೆ, ಗಂಡಸು ಇಲ್ಲಿ ಮೊಟ್ಟೆ ಸುಡ್ತಾನೆ. ಚೆನ್ನಾಗಿದೆ ಸಂಸಾರ."

ಮ್ಯೂಸಿಯಂನಲ್ಲಿ ಒಂದು ನಿಯಮವಿತ್ತು. ನಾಲ್ಕನೇ ನಂಬರಿನ ಮನೆಯೊಳಗಿರುವ ತನಕ ಸೊಸೆಗೆ ಈ ಕಾಲದ ಯಾವ ವಸ್ತುವೂ ಗೊತ್ತಿರಬಾರದು. ಮನೆಯಲ್ಲಿ ರೇಡಿಯೋ ಅದನ್ನೇ ಆಟ ಮಾಡಿಕೊಂಡಳು.

"ಅಮ್ಮ, ಫ್ರಿಜ್ ಅಂದ್ರೇನು?"

"ಅದೇನಮ್ಮ ಅದು? ತಿನ್ನೋ ಪದಾರ್ಥಾನಾ?"

"ಹಂಗಾದ್ರೆ ನಾನ್ಯಾರು?" ಎಂದ ಮಗ.

"ಯಾರೋ ದಾರಿಹೋಕರು. ಬಿಸಿಲಲ್ಲಿ ಬಂದಿದೀರಿ. ಕೂತ್ಕೊಳ್ಳಿ, ನೀರು ಕೊಡ್ತೀನಿ."

ಮೂವರೂ ನಕ್ಕರು. ಅತ್ತೆಯ ತುಟಿಯೂ ಒಂದು ಕಡೆ ಎಳೆಯಿತು. ಆದರೆ ಅವಳು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು.

ಸಂಜೆ ಸೊಸೆ ಬಂದು ಬಗ್ಗಿ ಚಹಾದ ಲೋಟ ಕೈಗಿಟ್ಟರೆ ಅತ್ತೆ ಮುಖ ತಿರುಗಿಸಿ ಲೋಟದ ಸಮೇತ ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಹಾಗೆ ಮೂರ್ನಾಲ್ಕು ಸಲ ಆಯಿತು.

"ನನ್ನ ಮೈಯಿಂದ ಹೊಗೆ ವಾಸನೆ ಬರುತ್ತೆ. ಅವರಿಗೆ ಹೇಸಿಗೆ," ಎಂದಳು ಸೊಸೆ ಗಂಡನಿಗೆ, ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತಾ.

"ಹಂಗೇನಿಲ್ಲ ಬಿಡೇ."

"ನಿಮಗೇನು ಗೊತ್ತು? ನಿಮ್ಮ ಮೈಯೆಲ್ಲ ಡೀಸೆಲ್ಲು."

ಅವನು ಹೊರಗೆ ಇಣುಕಿ ನೋಡಿದ. ಅಮ್ಮ ಕಟ್ಟೆಯ ಮೇಲೆ ಸೊಸೆ ಬಿಚ್ಚಿಹಾಕಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಗೆಯಲು ಹಾಕುವುದಕ್ಕೆ ತೆಗೆದುಕೊಂಡಿರಬೇಕು ಎಂದುಕೊಂಡ.

ಮೂರನೇ ವಾರದಲ್ಲಿ ಸೊಸೆಗೆ ಕಷ್ಟ ಶುರುವಾಯಿತು. ಒಲೆ, ಬಾವಿ ಎಲ್ಲಾ ರೂಢಿಯಾಯಿತು. ಕಲ್ಲು ಮಾತ್ರ ಬಗ್ಗಲಿಲ್ಲ. ಎಷ್ಟು ಬೀಸಿದರೂ ಗೋಧಿ ಒಡೆದು ನುಚ್ಚಾಗುತ್ತಿತ್ತೇ ಹೊರತು ಹಿಟ್ಟಾಗುತ್ತಿರಲಿಲ್ಲ. ಮೂರು ತಿಂಗಳು ನೋಡಿ ಆಮೇಲೆ ಕೆಲಸ ಖಾಯಂ ಮಾಡುವುದೆಂದು ಮೇಲ್ವಿಚಾರಕಿ ಮೇಡಂ ಮೊದಲೇ ಹೇಳಿದ್ದರು. ಈಗ ಅವರು ಆಗಾಗ ಬಾಗಿಲಲ್ಲಿ ನಿಂತು ತಟ್ಟೆಯೊಳಗಿನ ನುಚ್ಚನ್ನು ಬೆರಳಿನಿಂದ ಉಜ್ಜಿ ನೋಡಿ ಹೋಗುತ್ತಿದ್ದರು.

"ಅತ್ತೆ, ಹಿಟ್ಟು ನುಣ್ಣಗೆ ಬರ್ತಿಲ್ಲ. ಏನು ಮಾಡ್ಬೇಕು?"

"ನಂಗೇನು ಗೊತ್ತು? ಮರೆತು ಹೋಗಿದೆ."

"ಹತ್ತು ವರ್ಷ ಬೀಸಿದೀನಿ ಅಂತ ನೀವೇ ಹೇಳ್ತಿದ್ರಿ."

"ಹೌದು, ಹತ್ತು ವರ್ಷ ಬೀಸಿದೆ. ಮರೆಯೋಕೆ ನಲವತ್ತು ವರ್ಷ ಬೇಕಾಯ್ತು. ಈಗ ಮತ್ತೆ ನೆನಪು ಮಾಡ್ಕೊಳ್ಳಲಾ?"

ಕೆಲಸದವರ ಮನೆಯವರಿಗೆ ತಿಂಗಳಿಗೊಂದು ಭಾನುವಾರ ಟಿಕೆಟ್ಟಿಲ್ಲದೆ ಪ್ರವೇಶವಿತ್ತು. ಮಗ ರಜೆ ಹಾಕಿದ. ಅತ್ತೆ ಬರುವುದಿಲ್ಲವೆಂದು ಮಂಡಿನೋವಿನ ನೆಪ ಹೇಳಿದಳು. ಅವಳನ್ನು ಎಬ್ಬಿಸಿದ್ದು ರೇಡಿಯೋ.

"ಅಜ್ಜಿ, ಮನೆ ಹಿರಿಯರ ಬಗ್ಗೆ ಎರಡು ಪುಟ ಬರ್ಕೊಂಡು ಬನ್ನಿ ಅಂದಿದಾರೆ ಟೀಚರ್. ನೀನು ಬಂದು ಹೇಳಿದ್ರೆ ಸರಿ. ಇಲ್ದಿದ್ರೆ ನಾನೇ ಕಲ್ಪಿಸ್ಕೊಂಡು ಬರೀತೀನಿ."

"ಏನಂತ ಬರೀತೀಯಾ?"

"ನಮ್ಮಜ್ಜಿ ಚಿಕ್ಕವಳಿದ್ದಾಗ ಕಳ್ಳಿಯಾಗಿದ್ದಳು, ಎರಡು ಸಲ ಜೈಲಿಗೆ ಹೋಗಿದ್ದಳು ಅಂತ."

"ಬರೀ ನೋಡೋಣ, ಕೈ ಮುರೀತೀನಿ. ನನ್ನ ಚಪ್ಪಲಿ ಎಲ್ಲಿ?"

ಬೀದಿ ನಿಜಕ್ಕೂ ಬೀದಿಯ ಹಾಗೆಯೇ ಇತ್ತು. ಎಲ್ಲೆಲ್ಲೋ ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದರು. ಬಿಚ್ಚುವಾಗ ತೊಲೆಗಳ ಮೇಲೆ ಬರೆದ ಸುಣ್ಣದ ಅಂಕಿಗಳು ಹಾಗೇ ಉಳಿದಿದ್ದವು. ಖಾಕಿ ಟೋಪಿಯ ಅಂಚೆಯವನು ಸೈಕಲ್ ಬೆಲ್ ಬಾರಿಸುತ್ತಾ ಎದುರಿಗೆ ಬಂದು ರೇಡಿಯೋಗೆ ಒಂದು ಕಾರ್ಡು ಕೊಟ್ಟು ಹೋದ. ಕಮ್ಮಾರನ ಕುಲುಮೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಅತ್ತೆ ಕೈಚೀಲವನ್ನು ಎದೆಗವಚಿಕೊಂಡು, ಗುರುತಿಲ್ಲದವರ ಮನೆಗೆ ಊಟಕ್ಕೆ ಬಂದವಳಂತೆ ನಡೆದಳು.

ಮಗ ಮಾತ್ರ ಮೂತಿ ಮುಂದೆ ಚಾಚಿದ್ದ ಹಳೇ ಬಸ್ಸನ್ನು ಕಂಡವನೇ ಚಿಕ್ಕ ಹುಡುಗನಂತೆ ಓಡಿದ. ಬಾನೆಟ್ ಸವರಿದ, ಇಂಜಿನ್ ಚಾಲೂ ಮಾಡಲು ಮುಂದೆ ಸಿಕ್ಕಿಸಿದ್ದ ಹ್ಯಾಂಡಲನ್ನು ಮುಟ್ಟಿ ನೋಡಿದ. ಅಲ್ಲಿ ನಿಂತಿದ್ದವನನ್ನು ಕೇಳಿ ಡ್ರೈವರ್ ಸೀಟಿನಲ್ಲಿ ಕೂತು ಹಾರನ್ನಿನ ರಬ್ಬರ್ ಚೆಂಡು ಹಿಂಡಿದ.

"ಅಮ್ಮಾ, ಇಂಥದ್ದೇ ಬಸ್ಸಲ್ಲಿ ಅಲ್ವಾ ನಾವು ಆ ಮನೆ ಬಿಟ್ಟು ಬಂದಿದ್ದು? ನಾನು ಹಾಸಿಗೆ ಸುರುಳಿ ಮೇಲೆ ಕೂತಿದ್ದೆ."

"ಹೂಂ."

"ಆಗ ದೊಡ್ಡಮ್ಮ ಬಾಗಿಲ ಹತ್ರ ನಿಂತಿದ್ರು. ನಾನು ಕೈ ಬೀಸಿದೆ."

"ನಿಂಗಾಗ ಆರು ವರ್ಷ. ಏನು ನೆನಪಿರುತ್ತೆ ನಿಂಗೆ? ಇಳಿ ಕೆಳಗೆ, ಸಾಕು."

ನಾಲ್ಕನೇ ನಂಬರಿನ ಮನೆಯೊಳಗೆ ಹತ್ತು ಹದಿನೈದು ಜನ ಸೇರಿದ್ದರು. ಅಡುಗೆಮನೆಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿತ್ತು. ಅದರಾಚೆ ಮಸಿ ಹಿಡಿದ ಗೋಡೆ, ಒಲೆ, ಸೌದೆಯ ರಾಶಿ. ನಡುವೆ ಬೀಸುವ ಕಲ್ಲಿನ ಮುಂದೆ ಸೊಸೆ, ಕೈಮಗ್ಗದ ಹಳೇ ಬಟ್ಟೆಯುಟ್ಟು, ಕೂದಲನ್ನು ಎತ್ತಿ ಗಂಟು ಹಾಕಿ ಕೂತಿದ್ದಳು. ಬಾಗಿಲ ಪಕ್ಕದಲ್ಲಿ ಮೇಡಂ ನಿಂತಿದ್ದರು. ಸೊಸೆ ಕಂಠಪಾಠ ಮಾಡಿದ್ದನ್ನು ಹೇಳುತ್ತಿದ್ದಳು.

"...ಹೀಗೆ ಆಗಿನ ಹೆಂಗಸರು ಬೆಳಗಿನ ಜಾವ ಎದ್ದು, ಹಾಡು ಹೇಳುತ್ತಾ, ಸಂತೋಷದಿಂದ ಹಿಟ್ಟು ಬೀಸುತ್ತಿದ್ದರು."

"ಸಂತೋಷದಿಂದಾನಾ?" ಎಂಬ ದನಿ ಹಿಂದಿನಿಂದ ಬಂತು. "ಯಾರು ಹೇಳಿದ್ದು ನಿಂಗೆ?"

ಎಲ್ಲರೂ ತಿರುಗಿದರು. ಕನ್ನಡಕದ ಒಬ್ಬ ಗಂಡಸು ನಗುತ್ತಾ ಕೇಳಿದ, "ಮತ್ಯಾಕೆ ಹಾಡ್ತಿದ್ರಿ, ಅಜ್ಜಿ?"

"ಇನ್ಯಾಕೆ? ನಿದ್ದೆ ಬರದೇ ಇರ್ಲಿ ಅಂತ. ಹಾಡು ನಿಂತ್ರೆ ಒಳಗಿಂದ ನಮ್ಮತ್ತೆ ಕೆಮ್ಮೋರು. ಎರಡನೇ ಸಲ ಕೆಮ್ಮಿದ್ರೆ ಎದ್ದು ಬರ್ತಿದ್ರು. ಅವರು ಎದ್ದು ಬರೋದಕ್ಕಿಂತ ಹಾಡೋದೇ ವಾಸಿ."

ಜನ ನಕ್ಕರು. ಅತ್ತೆ ನಗಲಿಲ್ಲ. ಅವಳ ಕಣ್ಣು ಸೊಸೆಯ ಕೈ ಕೆಳಗಿನ ಕಲ್ಲಿನ ಮೇಲಿತ್ತು.

"ಇಷ್ಟೊಂದು ಕಾಳು ಒಂದೇ ಸಲ ಸುರೀತಾರೇನೇ? ಅದು ಹೇಗೆ ಅರೆಯುತ್ತೆ, ಪಾಪ!"

ಹೇಳುತ್ತಲೇ ಅವಳು ಹಗ್ಗ ಎತ್ತಿ ಒಳಗೆ ನುಗ್ಗಿದಳು. ಮಗ "ಅಮ್ಮಾ" ಎಂದ. ಅವಳು ಕೈಚೀಲವನ್ನು ಅವನಿಗೆ ಕೊಟ್ಟು, ಮಂಡಿಗೆ ಕೈಯೂರಿ, ಉಸಿರು ಬಿಡುತ್ತಾ ಕಲ್ಲಿನ ಎದುರಿಗೆ ಕೂತಳು. ಹಿಡಿಯ ಮೇಲೆ ಸೊಸೆಯ ಕೈಯಿತ್ತು. ಅದರ ಮೇಲೆ ತನ್ನ ಕೈಯಿಟ್ಟಳು.

"ಎಳೀಬೇಡ. ನಾನು ಎಳೆಯೋವಾಗ ನೀನು ಬಿಡಬೇಕು. ನೀನು ಎಳೆಯೋವಾಗ ನಾನು ಬಿಡ್ತೀನಿ. ಇಬ್ಬರೂ ಎಳೆದ್ರೆ ಕಲ್ಲು ಯಾರ ಮಾತು ಕೇಳ್ಬೇಕು?"

ಮೊದಲ ನಾಲ್ಕು ಸುತ್ತು ತಡವರಿಸಿತು. ಆಮೇಲೆ ಕಲ್ಲು ಗುರುಗುಡುತ್ತಾ ಒಂದೇ ಸಮನೆ ತಿರುಗಿತು. ಅತ್ತೆ ಎಡಗೈಯಿಂದ ಸ್ವಲ್ಪಸ್ವಲ್ಪವೇ ಕಾಳು ಹಾಕುತ್ತಾ, ಯಾರೂ ಕೇಳದೆಯೇ ಸಣ್ಣ ದನಿಯಲ್ಲಿ ಹಾಡು ಎತ್ತಿಕೊಂಡಳು. ಮಗ ಅಮ್ಮ ಹಾಡಿದ್ದನ್ನು ಕೇಳಿಯೇ ಇರಲಿಲ್ಲ. ಎರಡು ಸಾಲು ಹೇಳಿ ನಿಂತಳು. ಮತ್ತೆ ಮೊದಲಿಂದ ಹೇಳಿದಳು, ಮತ್ತೆ ಅಲ್ಲೇ ನಿಂತಳು.

"ಆಮೇಲೆ, ಅಜ್ಜಿ?" ಎಂದಳು ರೇಡಿಯೋ, ಪುಸ್ತಕ ಬಿಚ್ಚಿಕೊಂಡು.

"ಆಮೇಲಿಂದು ನಂಗೆ ಬರಲ್ಲ. ಅದನ್ನ ಅವಳು ಹೇಳ್ತಿದ್ದದ್ದು."

"ಯಾರು?"

"ಈ ಕಡೆ ಕೂರ್ತಿದ್ದೋಳು. ನಮ್ಮಕ್ಕ."

ಅಕ್ಕ ಎಂದರೆ ಅತ್ತೆಯ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಇದೇ ಊರಿನ ಆ ತುದಿಯಲ್ಲಿ ಮಗಳ ಮನೆಯಲ್ಲಿದ್ದರು. ಅತ್ತೆಯ ಗಂಡ ತೀರಿಕೊಂಡಾಗ ಬಂದು, ಒಂದು ಗಂಟೆ ಕೂತು, ಮಾತಾಡದೆ ಎದ್ದು ಹೋಗಿದ್ದರು. ಮದುವೆಯಾಗಿ ಬಂದು ಹದಿನೈದು ವರ್ಷವಾದರೂ ಸೊಸೆ ಈ ಮನೆಯಲ್ಲಿ ಅವರ ಮಾತು ಬಂದದ್ದನ್ನು ಕೇಳಿರಲಿಲ್ಲ.

ತಟ್ಟೆಗೆ ಬಿದ್ದದ್ದನ್ನು ಅತ್ತೆ ಬೆರಳಿನಲ್ಲಿ ಉಜ್ಜಿದಳು. ಇನ್ನೂ ನುಚ್ಚೇ.

ಮನೆಗೆ ಹೋಗುವ ಬಸ್ಸಿನಲ್ಲಿ ಸೊಸೆಯ ಸಿಟ್ಟು ಒಡೆಯಿತು. "ಮೇಡಂ ಅಲ್ಲೇ ನಿಂತಿದ್ರು, ಅತ್ತೆ. ಅಷ್ಟು ಜನರ ಮುಂದೆ ನನ್ನ ಮಾನ ತೆಗೀಬೇಕಿತ್ತಾ? ಮನೇಲಿ ಕೇಳಿದಾಗ ಮರೆತು ಹೋಗಿದೆ ಅಂದ್ರಿ. ಅಲ್ಲಿ ನೋಡಿದ್ರೆ ಎಲ್ಲಾ ನೆನಪಿದೆ!"

"ಸುಳ್ಳು ಹೇಳ್ತಿದ್ದೆಯಲ್ಲ."

"ನನ್ನ ಸುಳ್ಳಲ್ಲ ಅದು. ಬರೆದು ಕೊಟ್ಟಿದ್ದು. ಈ ಕೆಲಸ ಹೋದ್ರೆ ಮತ್ತೆ ನಾನೂ ನೀವೂ ಅದೇ ಅಡುಗೆಮನೆಯಲ್ಲಿ. ಬೇಕಾ ನಿಮಗೆ?"

ಅತ್ತೆ ಕಿಟಕಿಯಾಚೆ ನೋಡಿದಳು. ಮಗ ಅವರಿಬ್ಬರ ಮುಂದಿನ ಸೀಟಿನಲ್ಲಿ ಕೂತು, ಆ ಬಸ್ಸಿನ ಡ್ರೈವರ್ ಗೇರು ಬದಲಾಯಿಸುವುದನ್ನು ಬಹಳ ಗಮನದಿಂದ ನೋಡುತ್ತಿದ್ದ.

ಬುಧವಾರ ಮೇಡಂ ಸೊಸೆಯನ್ನು ಆಫೀಸಿಗೆ ಕರೆಸಿದರು. ಅವಳು ಹೋದಾಗ ಅವರು ಒಂದು ಹಾಳೆಯಲ್ಲಿ "ಸಂತೋಷದಿಂದ" ಎಂಬ ಪದವನ್ನು ಹೊಡೆದುಹಾಕುತ್ತಿದ್ದರು. "ಇದನ್ನ ಇನ್ನು ಹೇಳೋದು ಬೇಡ," ಎಂದರು. "ಆ ಕೆಮ್ಮಿನ ವಿಷಯ ಸೇರಿಸಿ. ಆದ್ರೆ ಹಿಟ್ಟು ಮಾತ್ರ ಸರಿಯಾಗಿ ಬರಲೇಬೇಕು. ಶಾಲೆ ಮಕ್ಕಳಿಗೆ ರೊಟ್ಟಿ ಮಾಡಿ ಕೊಡೋದಿದೆ."

ಸಂಜೆ ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಇದನ್ನು ಹೇಳಿದಳು. ಅತ್ತೆ ಈಚೆ ಈರುಳ್ಳಿ ಹೆಚ್ಚುತ್ತಿದ್ದಳು. ಸೊಸೆ ಇನ್ನೂ ತಲೆಗೆ ನೀರು ಹಾಕಿಕೊಂಡಿರಲಿಲ್ಲ.

"ಆ ಹೊಗೆ ವಾಸನೆ," ಎಂದಳು ಅತ್ತೆ ಇದ್ದಕ್ಕಿದ್ದಂತೆ. "ನಮ್ಮಿಬ್ಬರ ತಲೇಲೂ ಅದೇ ಇರ್ತಿತ್ತು. ಅವಳು ನನ್ನ ಜಡೆ ಹಾಕೋಳು, ನಾನು ಅವಳದ್ದು. ನೀನು ಚಹಾ ಕೊಡೋಕೆ ಬಗ್ಗಿದಾಗೆಲ್ಲ ಅವಳೇ ಬಂದು ನಿಂತ ಹಾಗಾಗುತ್ತೆ ಕಣೇ. ಅದಕ್ಕೇ ಹೊರಗೆ ಹೋಗೋದು."

ಸೊಸೆ ಚಾಕು ಕೆಳಗಿಟ್ಟಳು. "ಅಷ್ಟು ಚೆನ್ನಾಗಿದ್ದೋರು ಮತ್ಯಾಕೆ ಮಾತು ಬಿಟ್ರಿ?"

"ನಿನ್ನ ಗಂಡನಿಗೆ ನಾಲ್ಕು ವರ್ಷ. ಜ್ವರ ಬಿಟ್ಟು ಬಿಟ್ಟು ಬರ್ತಿತ್ತು, ಏನೂ ಸೇರ್ತಿರಲಿಲ್ಲ. ಮನೇಲಿ ಹಾಲು ಗಂಡಸರಿಗೆ ಮೊದಲು. ಮಿಕ್ಕಿದ್ರೆ ಮಕ್ಕಳಿಗೆ. ನಾನು ಒಂದು ಲೋಟ ಎತ್ತಿ ಸೌದೆ ಹಿಂದೆ ಇಡ್ತಿದ್ದೆ. ಅವಳೊಬ್ಬಳಿಗೇ ಗೊತ್ತಿದ್ದದ್ದು. ಒಂದು ದಿನ ನಮ್ಮತ್ತೆ ನೆಟ್ಟಗೆ ಸೌದೆ ಹತ್ರ ಬಂದ್ರು. ಮನೆ ಜನರೆಲ್ಲರ ಮುಂದೆ ನನ್ನ ಕಳ್ಳಿ ಅಂದ್ರು. ಎರಡು ವರ್ಷ ಹಾಗೇ ಅಂತಿದ್ರು. ಆಮೇಲೆ ಮನೆ ಪಾಲಾಯ್ತು."

"ಅವರೇ ಹೇಳಿದ್ರು ಅಂತ ಹೇಗೆ ಗೊತ್ತು?"

"ಇನ್ಯಾರು ಹೇಳ್ತಾರೆ?" ಅತ್ತೆ ಈರುಳ್ಳಿಯ ಕೈಯಿಂದಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಅವಳ ಮಗಳ ನಂಬರ್ ಇದೆಯಾ ನಿನ್ನ ಹತ್ರ?"

"ಇವರ ಫೋನಲ್ಲಿದೆ."

"ಅವಳಪ್ಪ ಬೀಸೋ ಕಲ್ಲು ಕಡೆಯೋರು. ಕಲ್ಲಿನ ವಿಷಯ ಅವಳಿಗೆ ಗೊತ್ತಾದಷ್ಟು ಯಾರಿಗೂ ಗೊತ್ತಿಲ್ಲ. ನಿನ್ನ ಕೆಲಸಕ್ಕೋಸ್ಕರ ಬೇಕಿದ್ರೆ ಕೇಳು. ನಾನು ಹೇಳ್ದೆ ಅನ್ಬೇಡ."

ಸೊಸೆ ಫೋನು ಮಾಡಿದಳು. ಆ ಕಡೆಯಿಂದ ಮಗಳು, ಅಮ್ಮನ ಕಿವಿ ಮಂದ ಎಂದು ಹೇಳಿ, ಒಂದೊಂದು ಮಾತನ್ನೂ ಕೂಗಿ ಕೂಗಿ ತಲುಪಿಸಿದಳು. ಕೊನೆಗೆ ಒಂದು ಒರಟು ದನಿ ನೇರವಾಗಿ ಫೋನಿನೊಳಕ್ಕೆ ಬಂತು. "ಕಲ್ಲನ್ನ ಫೋನಲ್ಲಿ ನೋಡೋಕಾಗಲ್ಲಮ್ಮ. ಬರ್ತೀನಿ. ಅವಳೂ ಇರ್ತಾಳಾ?"

ಅತ್ತೆ ಎರಡು ಮಾರು ದೂರದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಒಗ್ಗರಣೆಗೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚಿದ್ದಳು. "ಇರ್ತೀನಿ ಅನ್ನು," ಎಂದಳು.

ಭಾನುವಾರ ಬಾಗಿಲು ತೆರೆಯುವ ಮೊದಲೇ ಮೇಡಂ ಅವರೆಲ್ಲರನ್ನೂ ಒಳಗೆ ಬಿಟ್ಟರು. ಮಗ ಸೀದಾ ಹಳೇ ಬಸ್ಸಿನ ಕಡೆ ಹೋದ. ಅಕ್ಕ ಮಗಳ ತೋಳು ಹಿಡಿದು ಬಂದರು. ಎಪ್ಪತ್ತು ದಾಟಿತ್ತು, ಬೆನ್ನು ಬಾಗಿತ್ತು. ಅತ್ತೆಯನ್ನು ಕಂಡು, "ನಿನ್ನ ಕೂದಲೆಲ್ಲ ಎಲ್ಲಿ ಹೋಯ್ತೇ?" ಎಂದರು.

"ನಿನ್ನ ಹಲ್ಲು ಹೋದ ಕಡೆಗೇ," ಎಂದಳು ಅತ್ತೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ.

ಅಷ್ಟೇ ಆಯಿತು ಮೊದಲ ಮಾತು. ಅಕ್ಕ ಸೀದಾ ಅಡುಗೆಮನೆಗೆ ಹೋಗಿ, ಮೇಲಿನ ಕಲ್ಲು ಎತ್ತಿಸಿ, ಅದರ ಒಳಮೈಯನ್ನು ಅಂಗೈಯಿಂದ ಸವರಿದರು. ಕೆನ್ನೆ ಸವರುವ ಹಾಗೆ ಸವರಿದರು.

"ಮೊಂಡಾಗಿದೆ. ಹಲ್ಲೇ ಇಲ್ಲ ಇದಕ್ಕೆ. ಇದನ್ನಿಟ್ಕೊಂಡು ದೇವಲೋಕದ ಹೆಂಗಸು ಬಂದ್ರೂ ಹಿಟ್ಟಾಗಲ್ಲ. ಉಳಿ ಹಿಡಿದು ಕಲ್ಲಿಗೆ ಕಚ್ಚು ಹಾಕಿಸ್ಬೇಕು. ಆ ಕಮ್ಮಾರನ ಹತ್ರ ಉಳಿ ಇರುತ್ತಲ್ಲ, ಕರೀರಿ, ನಾನು ಹೇಳ್ಕೊಡ್ತೀನಿ."

ಸೊಸೆ ಮೇಡಂ ಮುಖ ನೋಡಿದಳು. ಮೇಡಂ ನಕ್ಕರು. "ನಿಮ್ಮ ಕೈದೇನೂ ತಪ್ಪಿರಲಿಲ್ಲ ಹಾಗಾದ್ರೆ."

ಮಧ್ಯಾಹ್ನದವರೆಗೆ ಕಮ್ಮಾರನಿಂದ ಕೆಲಸ ಮಾಡಿಸಿ, ಇಬ್ಬರೂ ಮುದುಕಿಯರು ಎದುರುಬದುರು ಕೂತು ಒಂದು ಹಿಡಿ ಗೋಧಿ ಬೀಸಿದರು. ಬಿದ್ದ ಹಿಟ್ಟು ಊದಿದರೆ ಹಾರುವಷ್ಟು ನುಣುಪಾಗಿತ್ತು.

"ದೊಡ್ಡಜ್ಜಿ, ಆ ಹಾಡಿನ ಉಳಿದ ಭಾಗ ಹೇಳಿ," ಎಂದು ರೇಡಿಯೋ ಅವರ ಕಿವಿಯ ಹತ್ತಿರ ಕೂಗಿದಳು.

"ನಾನೆಲ್ಲಿ ಹಾಡ್ತಿದ್ದೆ? ಇವಳು ಹಾಡೋಳು, ನಾನು ಹೂಂಗುಟ್ಟೋಳು."

"ಸುಳ್ಳು! ಮೂರನೇ ಸಾಲಿಂದ ನೀನೇ ಹೇಳ್ತಿದ್ದೆ," ಎಂದಳು ಅತ್ತೆ.

"ಇಲ್ಲ ಕಣೇ."

"ಹೌದು ಕಣೇ!"

"ಯಾರದ್ದು ಬರ್ಕೊಳ್ಳಲಿ ನಾನು?"

"ಇಬ್ಬರದ್ದೂ ಬರ್ಕೋ," ಎಂದರು ಅಕ್ಕ.

ಆಮೇಲೆ ಇಬ್ಬರೂ ಮನೆಯ ಮುಂದಿನ ಜಗಲಿಗೆ ಬಂದು ಕೂತರು. ಸೊಸೆ ಇಬ್ಬರಿಗೂ ಬಿಸಿ ರೊಟ್ಟಿ ತಂದುಕೊಟ್ಟು ಬಾಗಿಲಲ್ಲೇ ನಿಂತಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅಕ್ಕ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿಕೊಳ್ಳುತ್ತಾ, ಮುಂದೆ ನೋಡುತ್ತಲೇ ಹೇಳಿದರು.

"ನಾನೇ ಹೇಳಿದ್ದು."

ಅತ್ತೆ ಅಗಿಯುವುದನ್ನು ನಿಲ್ಲಿಸಿದಳು.

"ಹಾಲು ಯಾಕೆ ಕಮ್ಮಿ ಅಂತ ನನ್ನನ್ನ ಹಿಡ್ಕೊಂಡ್ರು. ಹೇಳದಿದ್ರೆ ನನ್ನ ತಲೇಗೇ ಬರ್ತಿತ್ತು. ನಂಗಾಗ ಮೂವತ್ತು ವರ್ಷ. ಹೆದರಿಕೆ ಆಯ್ತು, ಹೇಳಿಬಿಟ್ಟೆ. ಬಸ್ಸು ಹತ್ತೋ ದಿನ ನಿನ್ನ ಹತ್ರ ಬರಬೇಕು ಅಂತಲೇ ಬಾಗಿಲಿಗೆ ಬಂದೆ. ಕಾಲು ಮುಂದೆ ಬರಲಿಲ್ಲ."

ಅಂಚೆಯವನ ಸೈಕಲ್ ಬೆಲ್ ಹತ್ತಿರ ಬಂದು ದೂರ ಹೋಯಿತು.

"ನಂಗೆ ಇಪ್ಪತ್ತಾರು," ಎಂದಳು ಅತ್ತೆ ಕೊನೆಗೆ. ಅಕ್ಕನಿಗೆ ಕೇಳಿಸಲಿಲ್ಲ. ಅವರು ಇನ್ನಷ್ಟು ಹತ್ತಿರ ಸರಿದು ಕೇಳಿದರು.

"ಆವತ್ತಿನ ಹಾಲು ಆ ಮಗೂಗೆ ಸಿಕ್ತೇನೇ? ಇಲ್ಲಾ ಅದನ್ನೂ ಕಿತ್ಕೊಂಡ್ರಾ? ಇಷ್ಟು ವರ್ಷ ಅದೊಂದೇ ನಂಗೆ ತಲೇಲಿ. ಯಾರನ್ನ ಕೇಳಲಿ?"

"ಅವರು ಬರೋ ಅಷ್ಟರಲ್ಲಿ ಕುಡಿಸಿಬಿಟ್ಟಿದ್ದೆ," ಎಂದಳು ಅತ್ತೆ ಗಟ್ಟಿಯಾಗಿ. "ಪೂರ್ತಿ ಕುಡಿದಿದ್ದ. ಖಾಲಿ ಲೋಟ ಸಿಕ್ಕಿದ್ದು ಅವರಿಗೆ."

"ಖಾಲಿ ಲೋಟಾನಾ?"

"ಖಾಲಿ. ಬೇಕಿದ್ರೆ ನೋಡ್ಕೋ. ಅಗೋ ಅಲ್ಲಿದಾನೆ."

ಬೀದಿಯ ತುದಿಯಲ್ಲಿ ಹಳೇ ಬಸ್ಸಿನ ಸುತ್ತ ಜನ ಸೇರಿದ್ದರು. ನಲವತ್ತೈದು ದಾಟಿದ, ಹೊಟ್ಟೆ ಬೆಲ್ಟಿನ ಮೇಲೆ ಇಳಿದ ಒಬ್ಬ ಗಂಡಸು ಬೆನ್ನು ತಿರುಗಿಸಿ ನಿಂತು, ತೋಳು ಮಡಿಸಿ, ಬಾನೆಟ್ಟಿನ ಮುಂದಿನ ಹ್ಯಾಂಡಲನ್ನು ಗರಗರ ತಿರುಗಿಸುತ್ತಿದ್ದ.

ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಜಗಲಿಯ ಕಂಬ ಹಿಡಿದು ಎದ್ದು ನಿಂತರು. ಆಮೇಲೆ ಕಿವಿ ಮಂದವಾದವರು ಕೂಗುವ ಹಾಗೆ, ಇಡೀ ಬೀದಿಗೆ ಕೇಳುವಂತೆ ಕೂಗಿದರು.

"ಏ ಕಡ್ಡೀ!"

ಜನ ತೆಳ್ಳಗಿನ ಯಾವುದಾದರೂ ಹುಡುಗನಿದ್ದಾನೇನೋ ಎಂದು ಅತ್ತಿತ್ತ ನೋಡಿದರು. ಹ್ಯಾಂಡಲ್ ತಿರುಗಿಸುತ್ತಿದ್ದವನ ಕೈ ನಿಂತಿತು. ನಲವತ್ತು ವರ್ಷದಿಂದ ಯಾರೂ ಅವನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಹೆಂಡತಿಗೂ ಅದು ಗೊತ್ತಿರಲಿಲ್ಲ.

ಅವನು ತಿರುಗಿ ನೋಡಿ, "ಬಂದೆ ದೊಡ್ಡಮ್ಮಾ," ಎಂದ.